ಗಪ್ ಅಂದರೆ ಮಾತೋ, ಮೌನವೋ?

ನಮ್ಮ ಧಾರವಾಡದ ಕಡೆ ಮಕ್ಕಳು ಗದ್ದಲ ಹಾಕಿದರೆ ದೊಡ್ಡವರು 'ಗಪ್ ಕುಂದ್ರು' ಅನ್ನುತ್ತಾರೆ. ಬಾಯಿ ಮುಚ್ಚಿಕೊಂಡು ಕೂತುಕೋ ಅಂತ ಅರ್ಥ. 1993ರಲ್ಲಿ ಕೆಲಸ ಸಿಕ್ಕಿ ಮುಂಬಯಿಗೆ ಬಂದವನು ಡೊಂಬಿವಿಲಿಯಲ್ಲಿ ಒಂದು ಖೋಲಿ ಹಿಡಿದೆ. ಮೊದಲನೇ ದಿನವೇ ಪಕ್ಕದ ಮನೆಯ ಮರಾಠಿ ಬಾಯಿ ತನ್ನ ಮಗನಿಗೆ 'ಗಪ್ಪ ಬಸ್' ಎಂದು ಗದರಿದ್ದು ಕೇಳಿಸಿತು. ಅಬ್ಬಾ, ಊರು ಬಹಳ ದೂರ ಏನಿಲ್ಲ ಅನ್ನಿಸಿ ಸಮಾಧಾನವಾಯಿತು. ಅದೇ ಬಾಯಿ ಸಂಜೆ ನನ್ನನ್ನು ನೋಡಿ, ಒಬ್ಬರೇ ಯಾಕೆ ಕೂತಿದ್ದೀರಿ, ಬನ್ನಿ, 'ಗಪ್ಪಾ' ಹೊಡೆಯೋಣ ಅಂದರು. ನಾನು ತಬ್ಬಿಬ್ಬಾದೆ. ಬೆಳಿಗ್ಗೆ ಗಪ್ಪ ಅಂದರೆ ಮೌನ, ಸಂಜೆಗೆ ಗಪ್ಪಾ ಅಂದರೆ ಹರಟೆ. ನಡುವೆ ಇರುವುದು ಒಂದು ದೀರ್ಘ ಅಷ್ಟೇ.

ಪರಸ್ಥಳದಲ್ಲಿ ಇರುವವರ ಬದುಕೆಲ್ಲ ಆ ಒಂದು ದೀರ್ಘದ ಆಚೆ ಈಚೆ ನಡೆಯುತ್ತದೆ ಎಂದು ಆಮೇಲೆ ಅನ್ನಿಸಿದೆ. ಹಾಗೆ ಅನ್ನಿಸುವಂತೆ ಮಾಡಿದ್ದು ಮಕ್ಕಳಿಗಾಗಿ ಬರೆದ ಒಂದು ಪುಸ್ತಕ, ಸಲ್ಮಾನ್ ರಶ್ದಿಯವರ 'ಹಾರೂನ್ ಆಂಡ್ ದ ಸೀ ಆಫ್ ಸ್ಟೋರೀಸ್'. ಅದು ದೋಷವಿಲ್ಲದ ಪುಸ್ತಕವಲ್ಲ. ಎಡವುತ್ತದೆ, ತನ್ನ ಜೋಕಿಗೆ ತಾನೇ ನಗುತ್ತದೆ, ಕೊನೆಗೆ ಗಡಿಬಿಡಿಯಲ್ಲಿ ಗಂಟು ಮೂಟೆ ಕಟ್ಟುತ್ತದೆ. ಆದರೂ ಮೂವತ್ತು ವರ್ಷದಿಂದ ನನ್ನ ಕಪಾಟಿನಲ್ಲಿದೆ. ಮನೆ ಬದಲಾಯಿಸಿದಾಗಲೆಲ್ಲ ಎಷ್ಟೋ ಪುಸ್ತಕ ರದ್ದಿಗೆ ಹೋದವು, ಇದು ಹೋಗಲಿಲ್ಲ. ಯಾಕೆ ಎನ್ನುವುದನ್ನು ನನಗೆ ನಾನೇ ಹೇಳಿಕೊಳ್ಳಬೇಕಾಗಿದೆ.

ಪುಸ್ತಕ ಸಿಕ್ಕಿದ್ದು ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ, ನಲವತ್ತು ರೂಪಾಯಿಗೆ. ರಶ್ದಿ ಎಂಬ ಹೆಸರು ಕಂಡು ಮೊದಲು ಕೈ ಹಿಂದೆ ತೆಗೆದಿದ್ದೆ. ಆ ಹೆಸರಿನ ಸುತ್ತ ಆಗ ಇದ್ದದ್ದು ಗಲಾಟೆಯೇ. 1988ರ 'ಸಟಾನಿಕ್ ವರ್ಸಸ್' ನಮ್ಮ ದೇಶದೊಳಗೆ ಬರದಂತೆ ಸರಕಾರ ತಡೆದಿತ್ತು. 1989ರ ಫೆಬ್ರವರಿ 14ರಂದು ಇರಾನಿನ ಖೊಮೇನಿ ಅವರನ್ನು ಕೊಲ್ಲಬೇಕೆಂದು ಫತ್ವಾ ಹೊರಡಿಸಿದ್ದರು. ಮುಂಬಯಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಆ ಲೇಖಕ ಅಲ್ಲಿಂದ ಮುಂದೆ ಪೊಲೀಸರ ಕಾವಲಿನಲ್ಲಿ ಮನೆಯಿಂದ ಮನೆಗೆ ಅಲೆಯಬೇಕಾಯಿತು. ಹಾಗೆ ಅಡಗಿಕೊಂಡಿದ್ದಾಗ, ತನ್ನಿಂದ ದೂರವಾಗಿದ್ದ ಮಗ ಜಾಫರನಿಗಾಗಿ ಬರೆದ ಪುಸ್ತಕ ಇದು, ಬಂದದ್ದು 1990ರಲ್ಲಿ. ಅರ್ಪಣೆಯ ಪುಟ್ಟ ಪದ್ಯದ ಸಾಲುಗಳ ಮೊದಲಕ್ಷರ ಕೂಡಿಸಿದರೆ ಮಗನ ಹೆಸರಾಗುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅಂದು ಕೊಂಡದ್ದು ತೆಳ್ಳಗಿದೆ, ಲೋಕಲ್ ಟ್ರೇನಿನಲ್ಲಿ ಒಂದು ಕೈಯಲ್ಲಿ ಹಿಡಿದು ಓದಬಹುದು ಎಂಬ ಒಂದೇ ಕಾರಣಕ್ಕೆ.

ಕಥೆ ಹೀಗಿದೆ. ಆಲಿಫ್‌ಬೇ ಎಂಬ ದೇಶದಲ್ಲಿ ಒಂದು ಊರು. ಎಷ್ಟು ದುಃಖದ ಊರೆಂದರೆ ಅದಕ್ಕೆ ತನ್ನ ಹೆಸರೇ ಮರೆತುಹೋಗಿದೆ. ಅಲ್ಲಿ ರಶೀದ್ ಖಲೀಫಾ ಎಂಬ ಕಥೆಗಾರ. ಬಾಯಿ ತೆರೆದರೆ ಕಥೆ, ಒಂದರ ಬಾಲಕ್ಕೆ ಇನ್ನೊಂದು. ಅವನ ಹೆಂಡತಿ ಸೊರಾಯಾ ಒಂದು ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಮಹಡಿ ಮೇಲಿನ ಮನೆಯ ಸೇನ್‌ಗುಪ್ತಾ ಎಂಬ ಗುಮಾಸ್ತನ ಜೊತೆ ಹೊರಟುಹೋಗುತ್ತಾಳೆ. ಆ ಗುಮಾಸ್ತನಿಗೆ ಕಥೆಯೆಂದರೆ ಆಗುವುದಿಲ್ಲ. ನಿಜವಲ್ಲದ ಕಥೆಗಳಿಂದ ಏನು ಉಪಯೋಗ ಎಂಬ ಅವನ ಪ್ರಶ್ನೆಯನ್ನೇ ಮಗ ಹಾರೂನ್ ಸಿಟ್ಟಿನಲ್ಲಿ ಅಪ್ಪನ ಮುಖಕ್ಕೆ ಎಸೆಯುತ್ತಾನೆ. ಅಲ್ಲಿಗೆ ಅಪ್ಪನ ಕಥೆ ನಿಲ್ಲುತ್ತದೆ. ರಾಜಕಾರಣಿಯ ಚುನಾವಣೆ ಸಭೆಯಲ್ಲಿ ನಿಂತವನ ಬಾಯಿಂದ ಕಾಗೆ ಕೂಗಿದಂತೆ ಒಂದು ಸದ್ದು ಬಿಟ್ಟರೆ ಬೇರೇನೂ ಬರುವುದಿಲ್ಲ.

ಆ ರಾತ್ರಿ 'ಕೆ' ಎಂಬ ಕಣಿವೆಯ ಸರೋವರದಲ್ಲಿ, ದೋಣಿಮನೆಯ ಬಚ್ಚಲಲ್ಲಿ, ಹಾರೂನನಿಗೆ ಒಬ್ಬ ನೀರಿನ ಭೂತ ಸಿಗುತ್ತಾನೆ. ಹೆಸರು ಇಫ್. ಕೈಯಲ್ಲಿ ಪಾನಾ. ರಶೀದನಿಗೆ ಕಥೆಯ ನೀರು ಬರುತ್ತಿದ್ದ ಕಣ್ಣಿಗೆ ಕಾಣದ ನಲ್ಲಿಯ ಕನೆಕ್ಷನ್ ಕಡಿಯಲು ಬಂದಿರುತ್ತಾನೆ. ಎರಡು ದಿನಕ್ಕೊಮ್ಮೆ ನೀರು ಬರುವ ಬಿಲ್ಡಿಂಗಿನಲ್ಲಿದ್ದ ನನಗೆ ಈ ಭಾಗ ಓದುವಾಗ ರೈಲಿನಲ್ಲೇ ನಗು ತಡೆಯಲಾಗಲಿಲ್ಲ. ಕನೆಕ್ಷನ್ ಉಳಿಸಿಕೊಳ್ಳಲು ಹುಡುಗ ಭೂಮಿಯ ಎರಡನೇ ಚಂದ್ರ 'ಕಹಾನಿ'ಗೆ ಹೋಗುತ್ತಾನೆ. ಅಲ್ಲಿದೆ ಕಥೆಗಳ ಕಡಲು. ಸಾವಿರಾರು ಬಣ್ಣದ ಧಾರೆಗಳು ಒಂದರೊಳಗೊಂದು ಹೆಣೆದುಕೊಂಡು ಹರಿಯುವ ಆ ಕಡಲಿಗೆ ಯಾರೋ ವಿಷ ಬೆರೆಸುತ್ತಿದ್ದಾರೆ. ಆ ಚಂದ್ರನ ಬೆಳಕಿನ ಅರ್ಧ 'ಗುಪ್', ಅಲ್ಲಿ ಎಲ್ಲರೂ ಮಾತಿನ ಮಲ್ಲರು. ಕತ್ತಲೆಯ ಅರ್ಧ 'ಚುಪ್', ಅಲ್ಲಿ ಮಾತಾಡಿದರೆ ಅಪರಾಧ. ಚುಪ್‌ನ ಒಡೆಯ ಖತಮ್-ಶುದ್. ರಾಕ್ಷಸನಲ್ಲ, ಮೂಗು ಸೋರುವ ಬಡಕಲು ಗುಮಾಸ್ತನ ಹಾಗಿದ್ದಾನೆ, ಥೇಟ್ ಸೇನ್‌ಗುಪ್ತಾನೇ.

ಈ ಪುಸ್ತಕದ ಸೊಗಸು ಕಥೆಯ ಹಂದರದಲ್ಲಿಲ್ಲ. ಅಪಹರಣವಾದ ರಾಜಕುಮಾರಿ, ಬಿಡಿಸಲು ಹೋಗುವ ಸೈನ್ಯ, ಕೊನೆಗೆ ಯುದ್ಧ, ಇದನ್ನೆಲ್ಲ ನಮ್ಮ ಚಂದಮಾಮ ಓದಿದವರು ನೂರು ಸಲ ಓದಿದ್ದಾರೆ. ಸೊಗಸಿರುವುದು ಆಡುಮಾತಿನ ಲವಲವಿಕೆಯಲ್ಲಿ. ಗುಪ್ ದೇಶದ ಸೈನ್ಯಕ್ಕೆ 'ಲೈಬ್ರರಿ' ಎಂದು ಹೆಸರು. ಸೈನಿಕರು ಪುಟಗಳು, ಅವರ ದಳಗಳು ಅಧ್ಯಾಯ, ಸಂಪುಟ. ದಂಡನಾಯಕ ಕಿತಾಬ್. ಯುದ್ಧಕ್ಕೆ ಹೊರಟ ದಾರಿಯಲ್ಲಿ ಪ್ರತಿಯೊಬ್ಬ ಸಿಪಾಯಿಯೂ ದಂಡನಾಯಕನ ಯೋಜನೆಯನ್ನು ಅವನ ಎದುರಿಗೇ ಟೀಕಿಸುತ್ತಾನೆ. ಅವನೂ ಉತ್ಸಾಹದಿಂದ ವಾದಕ್ಕಿಳಿಯುತ್ತಾನೆ. ಇಂಥ ಸೈನ್ಯ ಗೆದ್ದಂತೆಯೇ ಅಂದುಕೊಳ್ಳುತ್ತೇವೆ. ಆದರೆ ಯುದ್ಧ ಶುರುವಾದಾಗ, ಎಲ್ಲವನ್ನೂ ಮಾತಾಡಿ ಮುಗಿಸಿದ್ದ ಗುಪ್‌ನವರು ಒಂದೇ ಮನಸ್ಸಿನಿಂದ ಕಾದುತ್ತಾರೆ. ಗುಟ್ಟು, ಅನುಮಾನಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಚುಪ್‌ನವರು ಒಬ್ಬರ ಬೆನ್ನಿಗೊಬ್ಬರು ಚೂರಿ ಹಾಕಿಕೊಳ್ಳುತ್ತಾರೆ. ವಾಕ್ ಸ್ವಾತಂತ್ರ್ಯದ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇನೆ, ನೆನಪಿನಲ್ಲಿ ಉಳಿದದ್ದು ಈ ವಟವಟ ಸೈನ್ಯವೇ.

ಇನ್ನೊಂದು ಸೊಗಸು ನಮ್ಮಂಥವರಿಗೇ ಮೀಸಲು. ಪುಸ್ತಕ ಇಂಗ್ಲಿಷಿನದು, ಹೆಸರುಗಳೆಲ್ಲ ಹಿಂದೂಸ್ತಾನಿ. ರಾಜಕುಮಾರಿ ಬಾತ್‌ಚೀತ್, ರಾಜಕುಮಾರ ಬೋಲೋ, ತೇಲುವ ತೋಟಗಾರ ಮಾಲಿ, ಚುಪ್‌ನವರು ಪೂಜಿಸುವ ನಾಲಗೆಯಿಲ್ಲದ ವಿಗ್ರಹ ಬೇಜಬಾನ್. ಹೊರಗಿನ ಓದುಗರಿಗೆಂದು ಕೊನೆಯಲ್ಲಿ ಅರ್ಥಕೋಶ ಕೊಟ್ಟಿದ್ದಾರೆ. ನಾನು ಮೊದಲ ಸಲ ಓದಿದಾಗ ನನ್ನ ಹಿಂದಿ ಸಿನಿಮಾ ಹಾಡಿನಷ್ಟೇ. ಅರ್ಥಕೋಶ ನನಗೂ ಬೇಕಾಯಿತು. ಹತ್ತು ವರ್ಷ ಬಿಟ್ಟು ಓದಿದಾಗ ಬೇಕಾಗಲಿಲ್ಲ. ಆಫೀಸು, ರೈಲು, ರೇಷನ್ ಅಂಗಡಿಗಳಲ್ಲಿ ಹಿಂದಿ ತಾನಾಗಿ ನಾಲಗೆಗೆ ಹತ್ತಿತ್ತು. ಈ ಊರು ನನಗೆಷ್ಟು ಒಗ್ಗಿತು ಎನ್ನುವುದಕ್ಕೆ ಆ ಪುಸ್ತಕವೇ ಅಳತೆಗೋಲಾಯಿತು. ಅದೇ ಹತ್ತು ವರ್ಷದಲ್ಲಿ ಮನೆಯೊಳಗೆ ಏನು ಕಡಿಮೆಯಾಯಿತು ಎಂಬುದನ್ನೂ ಅದೇ ಪುಸ್ತಕ ತೋರಿಸಿತು ಅನ್ನಿ. ಅದನ್ನು ಮುಂದೆ ಹೇಳುತ್ತೇನೆ.

ಈಗ ದೋಷಗಳು. ಶ್ಲೇಷೆ ಊಟದಲ್ಲಿ ಉಪ್ಪಿನಕಾಯಿ ಇದ್ದಂತಿರಬೇಕು. ರಶ್ದಿ ಕೆಲವು ಕಡೆ ಉಪ್ಪಿನಕಾಯಿಯನ್ನೇ ಬಡಿಸಿ ಅನ್ನ ಮರೆಯುತ್ತಾರೆ. ಐದು, ಆರನೆಯ ಅಧ್ಯಾಯಗಳಲ್ಲಿ ಹೊಸ ಹೆಸರು, ಹೊಸ ಜೋಕು, ಹೊಸ ಯಂತ್ರಗಳ ನೂಕುನುಗ್ಗಲಿನಲ್ಲಿ ಹಾರೂನನ ದುಃಖ ಕಾಲ್ತುಳಿತಕ್ಕೆ ಸಿಕ್ಕುತ್ತದೆ. ಏನಾದರೂ ಬಿಡಿಸಿ ಹೇಳಬೇಕಾದಾಗ, ಇದು ವಿವರಿಸಲಾರದಷ್ಟು ತೊಡಕಿನ ಕ್ರಿಯೆ ಎಂದು ಪಾತ್ರಗಳು ಕೈ ತೊಳೆದುಕೊಳ್ಳುತ್ತವೆ. ಮೊದಲ ಸಲ ತಮಾಷೆ, ಐದನೇ ಸಲ ಲೇಖಕರ ಸೋಮಾರಿತನ. ಕ್ಲೈಮ್ಯಾಕ್ಸಿನಲ್ಲಿ ಹುಡುಗ ಬಯಕೆಯ ನೀರು ಕುಡಿದು ಮನಸ್ಸು ಗಟ್ಟಿ ಮಾಡಿ ಬಯಸುತ್ತಾನೆ, ಇಡೀ ಚಂದ್ರ ತಿರುಗಿ ಕತ್ತಲೆಯ ಅರ್ಧಕ್ಕೆ ಬಿಸಿಲು ಬೀಳುತ್ತದೆ, ನೆರಳಿನ ವೈರಿಗಳೆಲ್ಲ ಕರಗಿಹೋಗುತ್ತಾರೆ. ಚಿತ್ರ ಚೆನ್ನಾಗಿದೆ. ಆದರೆ ಗೆಲುವು ಇಷ್ಟು ಸುಲಭವೇ ಎಂಬ ಪ್ರಶ್ನೆ ಉಳಿಯುತ್ತದೆ.

ಇವೆಲ್ಲ ನಾನು ಕಂಡ ದೋಷ. ನಿಜವಾದ ದೋಷ ಕಂಡವಳು ಇಂಗ್ಲಿಷ್ ಒಂದಕ್ಷರ ಬಾರದ ನಮ್ಮವ್ವ.

ಅಪ್ಪ ತೀರಿಕೊಂಡ ಮೇಲೆ 2008ರ ಬೇಸಗೆಯಲ್ಲಿ ಅವ್ವನನ್ನು ಡೊಂಬಿವಿಲಿಗೆ ಕರೆದುಕೊಂಡು ಬಂದೆ. ಊರಲ್ಲಿ ಕಟ್ಟೆಗೆ ಕೂತರೆ ಓಣಿಯ ಅರ್ಧ ಜನ ಅವಳ ಸುತ್ತ ಇರುತ್ತಿದ್ದರು. ಇಲ್ಲಿ ಮೂರನೇ ಮಹಡಿ, ಮುಚ್ಚಿದ ಬಾಗಿಲು. ನಾನೂ ನನ್ನ ಹೆಂಡತಿಯೂ ಬೆಳಿಗ್ಗೆ ಏಳೂವರೆಯ ಲೋಕಲ್ ಹಿಡಿದರೆ ಬರುವುದು ರಾತ್ರಿ ಎಂಟಕ್ಕೆ. ಮಗಳಿಗೆ ಆಗ ಹತ್ತು ವರ್ಷ. ಶಾಲೆಯಲ್ಲಿ ಇಂಗ್ಲಿಷು, ಕೆಳಗೆ ಆಡುವಾಗ ಮರಾಠಿ, ಟೀವಿಯಲ್ಲಿ ಹಿಂದಿ. ಕನ್ನಡ ತಿಳಿಯುತ್ತಿತ್ತು, ಆಡುತ್ತಿರಲಿಲ್ಲ. ಅಜ್ಜಿ ಏನಾದರೂ ಕೇಳಿದರೆ ತಲೆ ಆಡಿಸುವಳು ಅಥವಾ 'ಹೋ' ಅನ್ನುವಳು. ಎರಡು ತಿಂಗಳಲ್ಲಿ ಅವ್ವ ಮಾತು ಬಿಟ್ಟಳು. ಜಗಳವಿಲ್ಲ, ಸಿಟ್ಟಿಲ್ಲ. ಮಾತಿಗೆ ಗಿರಾಕಿ ಇಲ್ಲದೆ ಅಂಗಡಿ ಮುಚ್ಚಿದಳು ಅಷ್ಟೇ. 'ಯಾಕವಾ, ಆರಾಮ ಇಲ್ಲೇನು?' ಅಂದರೆ, 'ಆರಾಮ ಅದೀನೋ ತಮ್ಮಾ, ಗಪ್ ಕುಂತೀನಿ' ಅನ್ನುವಳು.

ಮಗಳಿಗೆ ಕನ್ನಡ ಬರಬೇಕೆಂಬ ಆಸೆ, ಅಷ್ಟೇ ಅಳುಕು. ಒಂದು ಭಾನುವಾರ ಹಾರೂನ್ ಕೈಗೆತ್ತಿಕೊಂಡೆ. ಇಂಗ್ಲಿಷಿನಲ್ಲಿ ಅವಳೇ ಓದಬಲ್ಲಳು. ನಾನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ ಅಂದೆ. ಶುರುವಿನಲ್ಲೇ ಪೇಚು. ಗುಪ್ ದೇಶದವರು ಮಾತುಗಾರರು ಅಂದೊಡನೆ ಮಂಚದ ಮೇಲೆ ಆ ಕಡೆ ತಿರುಗಿ ಮಲಗಿದ್ದ ಅವ್ವ, 'ಗಪ್ ಅಂದ್ರ ಸುಮ್ನಿರೂದಲ್ಲೇನೋ?' ಅಂದಳು. ಮಗಳಿಗೆ ನಗು. ನಮ್ಮ ಮನೆಯ ಲೆಕ್ಕದಲ್ಲಿ ಆ ಚಂದ್ರನ ಎರಡೂ ಕಡೆ ಮೌನವೇ! ಕೊನೆಗೆ ಗುಪ್ ಅನ್ನು 'ಹರಟಿನಾಡು' ಮಾಡಿದೆವು, ಚುಪ್ ಅನ್ನು 'ಗಪ್‌ನಾಡು'. ಖತಮ್-ಶುದ್‌ಗೆ ಅವ್ವನೇ ಹೆಸರಿಟ್ಟಳು, 'ಮುಗದ್ಹೋತಪ್ಪ'.

ನೀರಿನ ಭೂತ ಇಫ್, ಯಾಂತ್ರಿಕ ಹಕ್ಕಿ ಬಟ್. ಇಂಗ್ಲಿಷಿನ 'ಇಫ್' ಮತ್ತು 'ಬಟ್'ಗಳಿಗೆ ಒಂದೊಂದು ವೇಷ ತೊಡಿಸಿದ ಶ್ಲೇಷೆ. ಕನ್ನಡಕ್ಕೆ ತರುವುದು ಹೇಗೆ? ಮಳೆ ಆದರೆ ಬೆಳೆ, ಇಲ್ಲಿ 'ಆದರೆ' ಎಂದರೆ ಇಫ್. ಮಳೆ ಆಯಿತು, ಆದರೆ ಬೆಳೆ ಬರಲಿಲ್ಲ, ಇಲ್ಲಿ ಅದೇ 'ಆದರೆ' ಬಟ್. ನಮ್ಮಲ್ಲಿ ಆಸೆಗೂ ನಿರಾಸೆಗೂ ಒಂದೇ ಪದ. ಇಬ್ಬರು ಪಾತ್ರಧಾರಿಗಳನ್ನು ಇಟ್ಟುಕೊಳ್ಳಲು ಕನ್ನಡ ಒಪ್ಪಲಿಲ್ಲ. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಮಗಳು, 'ಪಪ್ಪಾ, ಒಬ್ಬ ಆದ್ರ, ಇನ್ನೊಬ್ಬ ಆದ್ರೂ!' ಅಂದಳು. ಅವಳು ನನ್ನೆದುರು ಕನ್ನಡದಲ್ಲಿ ಮಾಡಿದ ಮೊದಲನೇ ಜೋಕು ಅದು. ಅನುವಾದದ ಬಗ್ಗೆ ದೊಡ್ಡ ದೊಡ್ಡ ಮಾತು ಕೇಳಿದ್ದೇನೆ. ಅನುವಾದ ಮಾಡುವಾಗ ಮನೆಯಲ್ಲಿ ಮಾತು ಹುಟ್ಟುತ್ತದೆ ಎಂದು ಯಾರೂ ಹೇಳಿರಲಿಲ್ಲ.

ದಿನಕ್ಕೊಂದು ಅಧ್ಯಾಯ, ಒಟ್ಟು ಹನ್ನೆರಡು. ರಾಜಕುಮಾರಿ ಬಾತ್‌ಚೀತ್ ಬಂದ ದಿನ ಅವ್ವ ಎದ್ದು ಕೂತಳು. ಈ ರಾಜಕುಮಾರಿ ಚೆಲುವೆಯಲ್ಲ, ಹಾಡಿದರೆ ಕೇಳಲಾಗದು, ಅವಳ ಮೂಗು, ಹಲ್ಲುಗಳ ಬಗ್ಗೆ ಪಾತ್ರಗಳು ಮತ್ತೆ ಮತ್ತೆ ನಗಾಡುತ್ತವೆ. ನಾನು ಹೇಳುತ್ತಾ ನಗುತ್ತಿದ್ದೆ. ಅವ್ವ ನಗಲಿಲ್ಲ. 'ಹೆಣ್ಣುಮಗಳ ಮೂಗು ನೋಡಿ ನಗಾಕ ಇಷ್ಟು ದೂರ ಚಂದ್ರನ ಮ್ಯಾಲ ಹೋಗಬೇಕಿತ್ತೇನು? ಅದನ್ನ ನಮ್ಮ ಓಣ್ಯಾಗನ ಮಾಡ್ತಾರಲ್ಲ' ಅಂದಳು. ಎರಡು ಸಲ ಓದಿದ್ದೆ, ನನಗೆ ಚುಚ್ಚಿರಲಿಲ್ಲ. ಅದಾದ ಮೇಲೆ ನೋಡುತ್ತಾ ಹೋದರೆ, ಈ ಮಾತಿನ ಲೋಕದಲ್ಲಿ ಹೆಂಗಸರಿಗೆ ಮಾತು ಎಷ್ಟು ಕಡಿಮೆ! ಬ್ಲಾಬರ್‌ಮೌತ್ ಎಂಬ ಚುರುಕು ಹುಡುಗಿ ಇದ್ದಾಳೆ ನಿಜ, ಆದರೆ ಸೈನ್ಯದಲ್ಲಿರಲು ಗಂಡುಹುಡುಗನ ವೇಷ ಹಾಕಬೇಕಾಗುತ್ತದೆ.

ಕೊನೆಯ ಅಧ್ಯಾಯದಲ್ಲಿ ಸೊರಾಯಾ ಮರಳಿ ಮನೆಗೆ ಬಂದಿರುತ್ತಾಳೆ. ತಪ್ಪು ಮಾಡಿದೆ ಎಂಬರ್ಥದ ನಾಲ್ಕು ಮಾತು, ಅಲ್ಲಿಗೆ ಸುಖಾಂತ. ಕಥೆ ಮುಗಿಸಿ ಪುಸ್ತಕ ಮುಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟು ಅವ್ವ ಕೇಳಿದಳು: 'ಅಲ್ಲೋ ತಮ್ಮಾ, ಆಕಿ ಯಾಕ ಹ್ವಾದ್ಲು ಅಂತ ಯಾರೂ ಕೇಳಲಿಲ್ಲೇನು? ಗಂಡ ಊರ ಮಂದಿಗೆಲ್ಲ ಕಥಿ ಹೇಳ್ತಿದ್ದ. ಮನ್ಯಾಗ ಆಕಿ ಕಥಿ ಕೇಳಾವ್ರು ಯಾರಿದ್ರು?'

ನನ್ನ ಹತ್ತಿರ ಉತ್ತರವಿರಲಿಲ್ಲ. ಈ ಕಾದಂಬರಿಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಇಷ್ಟು ನೇರವಾದ ಪ್ರಶ್ನೆ ಸಿಕ್ಕಿಲ್ಲ. ಸೊರಾಯಾ ಮೊದಲು ಹಾಡುತ್ತಿದ್ದಳು, ಆಮೇಲೆ ಹಾಡು ನಿಲ್ಲಿಸಿದಳು, ಗಂಡ ತನ್ನ ಕಥೆಗಳ ಗುಂಗಿನಲ್ಲಿ ಅದನ್ನು ಗಮನಿಸಲಿಲ್ಲ ಎಂದು ಪುಸ್ತಕ ಆರಂಭದಲ್ಲೇ ಸುಳಿವು ಕೊಡುತ್ತದೆ. ಕೊಟ್ಟು ಮರೆತುಬಿಡುತ್ತದೆ. ಕಡಲಿನ ವಿಷ ತೆಗೆಯಲು ಚಂದ್ರನವರೆಗೆ ಹೋದವರು, ಮನೆಯಲ್ಲಿ ನಿಂತ ಹಾಡಿನ ಕಾರಣ ಹುಡುಕಲಿಲ್ಲ.

ಅಂದು ರಾತ್ರಿ ಅವ್ವ ತಾನಾಗಿ ಒಂದು ಕಥೆ ಹೇಳಿದಳು. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತಂತೆ. ಯಾರಿಗೂ ಹೇಳದೆ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಒಳಗೆ ಅವಕ್ಕೆ ಉಸಿರು ಕಟ್ಟಿತು. ಒಂದು ಮಧ್ಯಾಹ್ನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಿದ್ದವು. ಒಂದು ಗಂಡಸಿನ ಜೋಡಾಗಿ ಹೊಸ್ತಿಲಲ್ಲಿ ಕೂತಿತು, ಇನ್ನೊಂದು ಕೋಟಾಗಿ ಗೂಟಕ್ಕೆ ಜೋತಿತು. ಗಂಡ ಬಂದು ನೋಡಿ, ಯಾರು ಬಂದಿದ್ದರು ಎಂದು ಜಗಳ ತೆಗೆದ. ಸಿಟ್ಟಿನಿಂದ ಕಂಬಳಿ ಹೊದ್ದು ಹನುಮಪ್ಪನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳನ್ನೆಲ್ಲ ಆರಿಸಿದ ಮೇಲೆ ಜ್ಯೋತಿಗಳು ಆ ಗುಡಿಗೆ ಬಂದು ಹರಟೆ ಹೊಡೆಯುವುದು ವಾಡಿಕೆ. ತಡವಾಗಿ ಬಂದ ಒಂದು ಜ್ಯೋತಿ ನಡೆದದ್ದನ್ನೆಲ್ಲ ಹೇಳಿತು. ಗಂಡನಿಗೆ ಗುಟ್ಟು ತಿಳಿಯಿತು. ಬೆಳಿಗ್ಗೆ ಮನೆಗೆ ಬಂದು ಆ ಕಥೆ, ಆ ಹಾಡು ಯಾವುದು ಎಂದು ಹೆಂಡತಿಯನ್ನು ಕೇಳಿದ. ಅವಳಿಗೆ ಎರಡೂ ಮರೆತುಹೋಗಿತ್ತು. 'ಯಾವ ಕಥಿ? ಯಾವ ಹಾಡು?' ಅಂದಳಂತೆ.

ಈ ಕಥೆಯನ್ನು ನಾನು ಬೇರೆ ಕಡೆ ಓದಿದ್ದೆ. ಶಿಕಾಗೋದಲ್ಲಿದ್ದ ನಮ್ಮ ಎ.ಕೆ. ರಾಮಾನುಜನ್ ಕನ್ನಡದಿಂದ ಸಂಗ್ರಹಿಸಿ ಇಂಗ್ಲಿಷಿನಲ್ಲಿ ಕೊಟ್ಟಿದ್ದಾರೆ. ಗಿರೀಶ ಕಾರ್ನಾಡರ 1988ರ 'ನಾಗಮಂಡಲ'ದ ಆರಂಭದಲ್ಲಿ ದೀಪದ ಜ್ಯೋತಿಗಳು ಬಂದು ಕೂಡುವುದೂ ಇದೇ ಕಥೆಯಿಂದ. ಓದಿದ್ದೆನೇ ಹೊರತು ಅದು ನಮ್ಮವ್ವನ ಹೊಟ್ಟೆಯಲ್ಲೂ ಇದೆ ಅಂತ ಗೊತ್ತಿರಲಿಲ್ಲ. ಕೇಳಿರಲಿಲ್ಲವಲ್ಲ. ಕಥೆ ಹೇಳದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ರಶ್ದಿ ಚಂದ್ರ, ಕಡಲು, ಸೈನ್ಯ ಎಲ್ಲ ಕಟ್ಟಿ ಉತ್ತರ ಕೊಡುತ್ತಾರೆ. ನಮ್ಮ ಜನಪದ ಒಂದು ಜೋಡು, ಒಂದು ಕೋಟಿನಲ್ಲಿ ಕೊಟ್ಟಿದೆ. ಅದೂ ಸುಖಾಂತದ ಆಣೆ ಇಡದೆ.

ರಶ್ದಿಯವರ ಕಡಲಿಗೂ ಮೂಲವಿದೆ. ಕಾಶ್ಮೀರದ ಸೋಮದೇವ 11ನೆಯ ಶತಮಾನದಲ್ಲಿ ರಾಣಿ ಸೂರ್ಯಮತಿಯ ಮನರಂಜನೆಗಾಗಿ ಬರೆದ 'ಕಥಾಸರಿತ್ಸಾಗರ'. ಕಥೆಯ ಹೊಳೆಗಳು ಸೇರಿದ ಸಮುದ್ರ ಎಂದೇ ಆ ಹೆಸರಿನ ಅರ್ಥ. 'ಕೆ' ಕಣಿವೆ ಕಾಶ್ಮೀರವೇ ಆದ್ದರಿಂದ ಕಡಲು ಹುಟ್ಟಿದ ಊರಿಗೇ ಹಾರೂನ್ ಹೋದಂತಾಯಿತು. ಸೋಮದೇವ ಹೇಳುವಂತೆ ಅದರ ಮೂಲ ಗುಣಾಢ್ಯನ ಬೃಹತ್ಕಥೆ. ನಮ್ಮ ದುರ್ಗಸಿಂಹನ ಪಂಚತಂತ್ರವೂ ತನ್ನ ವಂಶಾವಳಿಯನ್ನು ಅಲ್ಲಿಗೇ ಒಯ್ಯುತ್ತದೆ. ಗುಣಾಢ್ಯನ ಕಥೆ ಶುರುವಾಗುವುದೇ ಒಂದು ಶ್ಲೇಷೆಯ ಎಡವಟ್ಟಿನಿಂದ. ಜಲಕ್ರೀಡೆಯಲ್ಲಿ ರಾಣಿ, ನೀರೆರಚಬೇಡ ಎಂದು ಸಂಸ್ಕೃತದಲ್ಲಿ ಹೇಳಿದ್ದನ್ನು ಸಾತವಾಹನ ರಾಜ 'ಮೋದಕ' ಎಂದು ಕೇಳಿಸಿಕೊಂಡು ಸಿಹಿ ತರಿಸಿ ನಗೆಪಾಟಲಾಗುತ್ತಾನೆ. ಅವನಿಗೆ ಸಂಸ್ಕೃತ ಕಲಿಯುವ ಹಟ. ಆರು ವರ್ಷ ಬೇಕು ಅನ್ನುತ್ತಾನೆ ಗುಣಾಢ್ಯ. ಆರೇ ತಿಂಗಳು ಸಾಕು ಅನ್ನುತ್ತಾನೆ ಶರ್ವವರ್ಮ. ಹಾಗೆ ಕಲಿಸಿದರೆ ಸಂಸ್ಕೃತ, ಪ್ರಾಕೃತ, ದೇಶಿ ಮೂರನ್ನೂ ಬಿಡುತ್ತೇನೆಂದು ಗುಣಾಢ್ಯ ಪಂಥ ಕಟ್ಟಿ ಸೋಲುತ್ತಾನೆ. ತನ್ನ ಭಾಷೆಗಳನ್ನೆಲ್ಲ ಕಳೆದುಕೊಂಡು, ಗಪ್ ಆಗಿ, ಕಾಡಿಗೆ ಹೋಗಿ ಅಲ್ಲಿಯವರ ಪೈಶಾಚಿ ಕಲಿತು, ಅದರಲ್ಲಿ ಏಳು ಲಕ್ಷ ಶ್ಲೋಕ ಬರೆಯುತ್ತಾನೆ. ರಾಜ ಅದನ್ನು ತಿರಸ್ಕರಿಸಿದಾಗ ಬೆಂಕಿ ಹಾಕಿ, ಒಂದೊಂದೇ ಗರಿ ಓದಿ ಸುಡುತ್ತಾನೆ. ಕಾಡಿನ ಮೃಗಗಳು ಮೇಯುವುದು ಮರೆತು ಕಣ್ಣೀರಿಡುತ್ತಾ ಕೇಳುತ್ತವೆ. ರಾಜ ಓಡಿ ಬರುವಷ್ಟರಲ್ಲಿ ಉಳಿದದ್ದು ಒಂದು ಲಕ್ಷ.

ಹೊರನಾಡಿಗರ ಕುಲದೇವರು ಯಾರು ಎಂದು ಕೇಳಿದರೆ ನಾನು ಗುಣಾಢ್ಯನ ಹೆಸರು ಹೇಳುತ್ತೇನೆ. ಉಳಿದ ಒಂದು ಲಕ್ಷ ಅನ್ನುವುದು ನಮ್ಮ ಮಕ್ಕಳ ಕನ್ನಡದ ಲೆಕ್ಕ. ಆರು ಲಕ್ಷ ಸುಟ್ಟಿತು ಎಂದು ಅಳುತ್ತಾ ಕೂತರೆ ಆ ಒಂದೂ ಹೋಗುತ್ತದೆ.

ರಶ್ದಿಯವರ ಪರವಾಗಿ ಒಂದು ಮಾತು ಹೇಳಲೇಬೇಕು. ಮೌನವೆಲ್ಲ ಕೆಟ್ಟದ್ದು, ಮಾತೆಲ್ಲ ಒಳ್ಳೆಯದು ಎಂದು ಅವರು ಸರಳ ಮಾಡಿಲ್ಲ. ಚುಪ್ ದೇಶದ ಮುದ್ರಾ ಎಂಬ ವೀರ ತನ್ನ ನೆರಳಿನ ಜೊತೆ ತಾನೇ ಕಾದುತ್ತಿರುತ್ತಾನೆ. ಅವನಿಗೆ ಬಾಯಿ ಮಾತು ಕಷ್ಟ, ಕೈಬೆರಳು, ಹುಬ್ಬು, ಕಣ್ಣುಗಳಲ್ಲೇ ಮಾತಾಡುತ್ತಾನೆ. ರಶೀದ್ ಅದನ್ನು ಅಭಿನಯದ ಭಾಷೆ ಎಂದು ಗುರುತಿಸಿ ಎಲ್ಲರಿಗೂ ಬಿಡಿಸಿ ಹೇಳುತ್ತಾನೆ. ಕತ್ತಲಿಗೂ ಚೆಲುವಿದೆ, ಮೌನಕ್ಕೂ ಘನತೆಯಿದೆ ಎಂದು ಹಾರೂನನಿಗೆ ಹೊಳೆಯುವ ಆ ಜಾಗವೇ ನನ್ನ ದೃಷ್ಟಿಯಲ್ಲಿ ಪುಸ್ತಕದ ಶಿಖರ. ಅಲ್ಲಿ ಶ್ಲೇಷೆಯಿಲ್ಲ, ಗದ್ದಲವಿಲ್ಲ. ಬಾಯಿ ಹೊಲಿದ ಮೌನ ಬೇರೆ, ಕೇಳುವವರಿಗಾಗಿ ಕಾಯುವ ಮೌನ ಬೇರೆ. ಅವ್ವನದು ಎರಡನೆಯದಾಗಿತ್ತು. ನಾನು ಅದನ್ನು ವಯಸ್ಸು ಅಂದುಕೊಂಡಿದ್ದೆ.

ಅವ್ವ ಅನಂತರ ಮೂರು ವರ್ಷ ನಮ್ಮೊಂದಿಗಿದ್ದಳು. ಎಲ್ಲ ಸರಿಹೋಯಿತು ಎಂದು ಹೇಳಿದರೆ ರಶ್ದಿಯವರ ಸುಖಾಂತದಂತಾದೀತು. ಊರಿನ ಕಟ್ಟೆ ಅವಳಿಗೆ ಇಲ್ಲಿ ಸಿಗಲಿಲ್ಲ. ಮಗಳ ಕನ್ನಡ ಇವತ್ತಿಗೂ ಅರ್ಧಂಬರ್ಧ, ಓದಲು ಬಾರದು. ಆದರೆ ರಾತ್ರಿ ಊಟವಾದ ಮೇಲೆ ಅಜ್ಜಿ, ಮೊಮ್ಮಗಳ ಮಂಚದಿಂದ ಪಿಸುಗುಟ್ಟುವ ಸದ್ದು ಬರುತ್ತಿತ್ತು. ನನಗದು ಸಾಕಾಗಿತ್ತು.

ಪುಸ್ತಕದ ಹೊರಗೂ ಕಥೆ ಸುಖಾಂತವಾಗಲಿಲ್ಲ. 2010ರಲ್ಲಿ ರಶ್ದಿ ಎರಡನೇ ಮಗ ಮಿಲನ್‌ಗಾಗಿ 'ಲೂಕಾ ಆಂಡ್ ದ ಫೈರ್ ಆಫ್ ಲೈಫ್' ಬರೆದರು. ಅದರಲ್ಲಿ ಜಾಣತನ ಇದೆ, ಹಾರೂನನ ನೋವಿಲ್ಲ. 2022ರ ಆಗಸ್ಟ್ 12ರಂದು ಅಮೆರಿಕದ ಶಟಾಕ್ವಾದಲ್ಲಿ ವೇದಿಕೆಯ ಮೇಲಿದ್ದ ಅವರಿಗೆ ಒಬ್ಬ ಚೂರಿಯಿಂದ ಇರಿದ. ಒಂದು ಕಣ್ಣು ಹೋಯಿತು. ಖತಮ್-ಶುದ್ ಬರಿಯ ಮಕ್ಕಳ ಕಥೆಯ ಗುಮಾಸ್ತನಲ್ಲ ಎಂದು ಅಂದು ಮತ್ತೊಮ್ಮೆ ಗೊತ್ತಾಯಿತು. ಚಂದ್ರನನ್ನು ತಿರುಗಿಸಿ ಬಿಸಿಲು ತರುವ ಆ ಸುಲಭದ ಗೆಲುವನ್ನು ನಾನು ದೋಷ ಎಂದಿದ್ದೆನಲ್ಲ, ಈಗ ಸ್ವಲ್ಪ ಮೆತ್ತಗಾಗಿದ್ದೇನೆ. ಮನೆಯಿಂದ ಹೊರಗೆ ಕಾಲಿಡಲಾರದ ಒಬ್ಬ ಅಪ್ಪ ದೂರವಿರುವ ಮಗನಿಗೆ ಕಥೆ ಬರೆದರೆ, ಬಿಸಿಲು ಬರದೇ ಹೋಯಿತು ಎಂದು ಹೇಗೆ ಮುಗಿಸಿಯಾನು? ಸುಖಾಂತವೆಲ್ಲ ತಯಾರಿಸಿದ ಮಾಲೇ ಎಂದು ಪುಸ್ತಕದೊಳಗೇ ಒಪ್ಪಿಕೊಳ್ಳುತ್ತಾರೆ ಕೂಡ. ಅಷ್ಟು ಪ್ರಾಮಾಣಿಕತೆ ಅದಕ್ಕಿದೆ.

ಹಾಗಾದರೆ ಈ ಪುಸ್ತಕವನ್ನು ಓದಬಹುದೇ? ಓದಿ. ಮಕ್ಕಳಿದ್ದರೆ ಗಟ್ಟಿಯಾಗಿ ಓದಿ. ಐದನೇ, ಆರನೇ ಅಧ್ಯಾಯಗಳಲ್ಲಿ ಪುಟ ಹಾರಿಸಿದರೆ ಪಾಪವಿಲ್ಲ. ಬಾತ್‌ಚೀತ್‌ಳ ಮೂಗಿನ ಜೋಕುಗಳನ್ನು ಬಿಟ್ಟುಬಿಡಿ. ಹೆಸರುಗಳನ್ನು ನಿಮ್ಮ ಮನೆಯ ಮಾತಿಗೆ ತಿರುಗಿಸಿಕೊಳ್ಳಿ. ಎಲ್ಲಕ್ಕಿಂತ ಹೆಚ್ಚಾಗಿ, ಓದುವಾಗ ಪಕ್ಕದ ಕೋಣೆಯ ಬಾಗಿಲು ತೆರೆದಿಡಿ. ಅಲ್ಲಿ ಯಾರೋ ಗಪ್ ಕೂತಿರಬಹುದು. ನಿರ್ದೋಷವಾದ ಪುಸ್ತಕಗಳನ್ನು ಓದಿ ಮೆಚ್ಚಿ ಕಪಾಟಿಗೆ ಸೇರಿಸುತ್ತೇವೆ. ಇಂಥ ಅರೆಕೊರೆಯ ಪುಸ್ತಕಗಳೊಡನೆ ಜಗಳ ಆಡುತ್ತೇವೆ, ತಿದ್ದುತ್ತೇವೆ, ನಮ್ಮದನ್ನು ಸೇರಿಸುತ್ತೇವೆ. ಹಾಗಾಗಿ ಅವು ಮನೆಯವರಂತೆ ಆಗಿಬಿಡುತ್ತವೆ.

ಮಗಳು ಈಗ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿಯ ತೆಲುಗು ನಾಲಗೆಗೆ ಹತ್ತುತ್ತಿದೆಯಂತೆ. ಹೋದ ತಿಂಗಳು ರಾತ್ರಿ ಹತ್ತೂವರೆಗೆ ಫೋನು ಮಾಡಿದಳು. ಏನಾದರೂ ಆಯಿತೋ ಎಂದು ಗಾಬರಿಯಾಗಿ ಕೇಳಿದೆ.

'ಏನಿಲ್ಲ ಪಪ್ಪಾ,' ಅಂದಳು. 'ಸುಮ್ನ. ಅಜ್ಜಿ ಹೇಳತಿದ್ಲಲ್ಲ, ಆ ಜೋಡು, ಕೋಟಿನ ಕಥಿ, ಅದನ್ನ ಇಲ್ಲೆ ರೂಮ್ನಾಗ ಹುಡುಗ್ಯಾರಿಗೆ ಹೇಳಾಕ ಹತ್ತಿದ್ದೆ. ನಡುವ ಮರತೆ. ದೀಪಗೋಳು ಯಾವ ಗುಡಿಗೆ ಹೋಗ್ತಿದ್ವು?'

'ಹನುಮಪ್ಪನ ಗುಡಿಗವಾ' ಅಂದೆ.